ಗಂಜಲದ ಸಾಕ್ಷಿ

"ಅಲ್ಲೇ ನಿಲ್ಲೇ, ಮುಂಡೇದೇ! ಸುಟ್ಟ ಕೈ ತೋರಿಸೋದಕ್ಕೆ ಮೆಟ್ಟಿಲು ಹತ್ತಬೇಕೇನೇ? ನನಗೇನು ಇಲ್ಲಿಂದ ಕಣ್ಣು ಕಾಣೋಲ್ವೆ?"

ಪಟ್ಟಲಮ್ಮ ಮೊದಲ ಮೆಟ್ಟಿಲಿಗೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಪಕ್ಕದಲ್ಲಿ ಅವಳ ಗಂಡ ಶಿವಯ್ಯ ಬಾಳೆಲೆ ಸುತ್ತಿದ ಎರಡು ಕೈಗಳನ್ನೂ ಎದೆಯ ಮುಂದೆ ಹಿಡಿದುಕೊಂಡು, ದೇವರಿಗೆ ಏನೋ ಒಪ್ಪಿಸಲು ಬಂದವನ ಹಾಗೆ ನಿಂತಿದ್ದ. ಅವನು ಆ ಪೇಟೆಯ ಮುನಿಸಿಪಾಲ್ಟಿ ತೋಟಿ. ಬೀದಿ ಗುಡಿಸುವವನು.

ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಪ್ರೆಸಿಡೆಂಟ್ ವೆಂಕಟೇಶಮೂರ್ತಿಗಳು. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮುರಿದು ಬಾವುಟ ಏರಿಸಿದಾಗ ಅವರೂ ಹೋಗಿದ್ದರು. ಪೊಲೀಸರು ನಿಂತಿದ್ದ ಜಾಗದಿಂದ ಸಾಕಷ್ಟು ದೂರದಲ್ಲಿ, ಒಂದು ಹುಣಸೆಮರದ ನೆರಳಲ್ಲಿ ನಿಂತು ದೇಶಭಕ್ತಿ ಮಾಡಿ, ಬರುವಾಗ ಮದ್ದೂರಿನಲ್ಲಿ ಖಾದಿ ಕೊಂಡು ತಂದಿದ್ದರು. ಅಂದಿನಿಂದ ಹೊಲಗೇರಿಯವರನ್ನು ಜಾತಿ ಹಿಡಿದು ಬೈಯುವುದನ್ನು ಬಿಟ್ಟು ಬರೀ ಬೈಯುತ್ತಿದ್ದರು. ಸುಧಾರಣೆ ಅನ್ನುವುದು ಒಂದೇ ಏಟಿಗೆ ಆಗುವ ಕೆಲಸವೇ?

"ಗಾಯಕ್ಕೆ ಪರಿಹಾರ ಕೇಳಾಕ್ ಬಂದಿವಿ ಬುದ್ದಿ," ಎಂದಳು ಪಟ್ಟಲಮ್ಮ. "ಮಂಡ್ಯದ್ ಸಕ್ಕರೆ ಪ್ಯಾಕ್ಟ್ರೀಲಿ ಬೆರಳೋದೋನ್ಗೆ ಕೊಟ್ರಂತೆ. ನನ್ ಗಂಡಂಗೆ ಬೆರಳಲ್ಲ, ಎಲ್ಡು ಕೈಯೂ ಓಗವೆ. ತುತ್ತು ಎತ್ತಕಾಗಕಿಲ್ಲ. ನೀವು ಕೆಲ್ಸದಿಂದ್ಲೂ ತಗ್ದಾಕುದ್ರಿ."

"ಪೊರಕೆ ಹಿಡಿಯಲಾರದವನನ್ನ ತೋಟಿ ಅಂತ ಇಟ್ಟುಕೊಂಡು ಪೂಜೆ ಮಾಡಲೇ? ಮತ್ತೆ ಆ ಕಾರ್ಖಾನೆಯವನಿಗೆ ಗಾಯ ಆದದ್ದು ಕೆಲಸದಲ್ಲಿ ಕಣೇ. ನಿನ್ನ ಗಂಡನ ಕೆಲಸ ಏನು? ಬೀದಿ ಗುಡಿಸೋದು. ಬೆಂಕಿ ಆರಿಸೋದು ಅವನ ಕೆಲಸವೇ? ಅದು ಸ್ವಯಂಸೇವೆ, ಧರ್ಮಕಾರ್ಯ. ಧರ್ಮಕ್ಕೆ ಕೂಲಿ ಕೇಳಿದರೆ ಬಂದ ಪುಣ್ಯವೂ ಹೋಗುತ್ತೆ."

"ಪುಣ್ಯವ ಮುದ್ದೆಗ್ ನೆಂಚ್ಕಂಡ್ ಉಣ್ಣಾಕಾಯ್ತದಾ ಬುದ್ದಿ?"

"ನೋಡಿದೆಯಾ ನಾಲಗೆ!" ಎಂದು ಪ್ರೆಸಿಡೆಂಟರು ಶಿವಯ್ಯನ ಕಡೆ ತಿರುಗಿದರು. "ಕೈ ಸುಡೋ ಬದಲು ಇವಳ ನಾಲಗೆ ಸುಟ್ಟಿದ್ದರೆ ನಿನಗೆ ಸುಖ ಇತ್ತಲ್ಲಯ್ಯಾ."

ಶಿವಯ್ಯ ಕೈಗಳನ್ನು ಎದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

ಈ ಸ್ವಯಂಸೇವೆಯ ವೈಭವ ಹೇಳಲೇಬೇಕು. ಮುನಿಸಿಪಾಲ್ಟಿಗೆ ಒಂದು ಬೆಂಕಿ ಗಾಡಿ ಬಂದಿತ್ತು: ಎರಡು ಚಕ್ರದ ಮೇಲೆ ಕಬ್ಬಿಣದ ತೊಟ್ಟಿ, ಕೈಪಂಪು, ಉದ್ದನೆಯದೊಂದು ಕೊಳವೆ. ಎತ್ತು ಕಟ್ಟಿ ನೋಡಿದರು. ಗಾಡಿಯ ಗಂಟೆ ಸದ್ದಿಗೆ ಬೆದರಿ ಅವು ಶೆಟ್ಟರ ಅಂಗಡಿಗೆ ನುಗ್ಗಿದವು. ಅಂದಿನಿಂದ ಗಾಡಿ ಎಳೆಯುವ ಪುಣ್ಯ ತೋಟಿಗಳ ಪಾಲಿಗೆ ಬಂತು. ಗಂಟೆ ಹೊಡೆದಾಗ ಬಾರದವನ ಕೂಲಿ ಹಿಡಿಯುತ್ತಿದ್ದರು. ಇಷ್ಟು ಕಟ್ಟುನಿಟ್ಟಾದ ಸ್ವಯಂಸೇವೆ ಇಡೀ ಮೈಸೂರು ಸೀಮೆಯಲ್ಲಿ ಇನ್ನೊಂದು ಇದ್ದಿರಲಾರದು.

ಹೋದ ತಿಂಗಳು ಅಗ್ರಹಾರದ ಚಲುವನಾರಾಯಣ ಅಯ್ಯಂಗಾರರ ಕೊಟ್ಟಿಗೆಯ ಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಬೇರೆ. ನೋಡನೋಡುತ್ತ ಬೆಂಕಿ ಅಡುಗೆಮನೆಗೆ ಹತ್ತಿತು. ತೋಟಿಗಳು ಗಾಡಿ ಎಳೆದುಕೊಂಡು ಓಡಿದರು. ಅಗ್ರಹಾರದ ಬಾವಿಯನ್ನು ಅವರು ಮುಟ್ಟುವ ಹಾಗಿಲ್ಲವಲ್ಲ, ಬ್ರಾಹ್ಮಣರೇ ನೀರು ಸೇದಿ ತಂದು, ಬಿಂದಿಗೆ ತೊಟ್ಟಿಗೆ ತಾಗದ ಹಾಗೆ ಎತ್ತರದಿಂದ ಸುರಿದರು. ಅರ್ಧ ನೀರು ಬೀದಿಗೆ ಹೋಯಿತು. ಮನೆ ಉರಿದರೆ ಕಟ್ಟಿಸಬಹುದು, ಬಿಂದಿಗೆ ಕೆಟ್ಟರೆ ಗತಿ ಏನು?

ಒಳಗೆ ಅಯ್ಯಂಗಾರರ ತಾಯಿ ಆಂಡಾಳಮ್ಮ ಸಿಕ್ಕಿಬಿದ್ದಿದ್ದರು. ಅಯ್ಯಂಗಾರರು ನಡುಬೀದಿಯಲ್ಲಿ ನಿಂತು ಎದೆ ಬಡಿದುಕೊಂಡರು: "ಯಾರಾದರೂ ಹೋಗ್ರೋ! ಅಮ್ಮ ಒಳಗಿದ್ದಾಳೆ, ಯಾರಾದರೂ ಹೋಗ್ರೋ!" ಅಗ್ರಹಾರದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಯ್ಯ ಒದ್ದೆ ಗೋಣಿ ಹೊದ್ದು ನುಗ್ಗಿದ. ಅಡುಗೆಮನೆ ಬಾಗಿಲ ಕಬ್ಬಿಣದ ಚಿಲಕ ಕಾದು ಕೆಂಪಾಗಿತ್ತು. ಅದನ್ನು ಎರಡು ಕೈಯಲ್ಲೂ ಹಿಡಿದು ಎಳೆದ. ಒಳಗಿನಿಂದ ಮುದುಕಿ, "ಮುಟ್ಟಬೇಡ್ವೋ, ಮಡಿ!" ಎಂದು ಕೂಗಿಕೊಂಡಿತು. ಮಡಿ ಸಮೇತ ಮುದುಕಿಯನ್ನು ಎತ್ತಿಕೊಂಡು ಬಂದು ಬೀದಿಯಲ್ಲಿ ಇಳಿಸಿದ. ಆಮೇಲೆ ತನ್ನ ಅಂಗೈ ನೋಡಿಕೊಂಡು ಅಲ್ಲೇ ಕುಸಿದ.

"ಇನ್ನೊಂದು ಮಾತು," ಎಂದರು ಪ್ರೆಸಿಡೆಂಟರು, ಖಾದಿ ಶಲ್ಯ ಸರಿಮಾಡಿಕೊಳ್ಳುತ್ತ. "ಅಯ್ಯಂಗಾರ್ರು ಹೇಳ್ತಾರೆ, ನಿನ್ನ ಗಂಡ ಮನೆಯೊಳಕ್ಕೆ ಕಾಲೇ ಇಡಲಿಲ್ಲವಂತೆ. ಅಮ್ಮ ತಾವೇ ನಡೆದು ಬಂದರಂತೆ. ಬೀದಿಯಲ್ಲಿ ನಿಂತವನ ಕೈ ಹೇಗೆ ಸುಡುತ್ತೆ? ಬೀಡಿ ಹಚ್ಚಿಕೊಳ್ಳುವಾಗ ಸುಟ್ಟುಕೊಂಡಿರಬೇಕು."

"ಎಲ್ಡು ಕೈಲೂ ಬೀಡಿ ಅಚ್ಕತಾರಾ ಬುದ್ದಿ?"

"ನಾಳೆ ಮಧ್ಯಾಹ್ನ ಅಗ್ರಹಾರಕ್ಕೆ ಬನ್ನಿ. ಸ್ಥಳದಲ್ಲೇ ವಿಚಾರಣೆ ಮಾಡ್ತೀನಿ. ನ್ಯಾಯ ಅಂದರೆ ನ್ಯಾಯ."

ನ್ಯಾಯ ಎಂಬ ಮಾತು ಕೇಳಿದ್ದೇ ತಡ, ಶಿವಯ್ಯನ ಮುಖ ಬಿಳಿಚಿಕೊಂಡಿತು. ಬಡವನಿಗೆ ಅನುಭವ ಇರುತ್ತದೆ.

ಆ ಸಂಜೆ ಗುಡಿಸಲಲ್ಲಿ ಪಟ್ಟಲಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿ ಎತ್ತಿದಳು. ಶಿವಯ್ಯ ಬಾಯಿ ತೆರೆಯಲಿಲ್ಲ.

"ಬಾಗ್ಲು ಮುಚ್ಚು."

"ಯಾರವ್ರೆ ಅಂತ ಮುಚ್ಲಿ ಮಾವ? ನಾಯಿ ಮನ್ಗದೆ."

"ಮುಚ್ಚು ಅಂದ್ನಲ್ಲ. ಮೀಸೆ ಬಂದ್ ಗಂಡ್ಸು ಎಡ್ತಿ ಕೈಲಿ ಉಣ್ಣೋದ ನೋಡಾಕೆ ಕೇರಿಯೋರ್ಗೆಲ್ಲ ಡಂಗೂರ ಒಡುಸ್ಬೇಕಾ?"

ಸೋದರಮಾವನನ್ನೇ ಕಟ್ಟಿಕೊಂಡವಳು ಪಟ್ಟಲಮ್ಮ. ಚಿಕ್ಕಂದಿನಲ್ಲಿ ಇವಳನ್ನು ಹೆಗಲ ಮೇಲೆ ಹೊತ್ತು ಮಳವಳ್ಳಿ ಸಂತೆ ತೋರಿಸಿದ ಕೈಗಳು ಅವು. ಈಗ ಬೆರಳಿಗೆ ಬೆರಳು ಅಂಟಿಕೊಂಡು ಹೊಲೆದ ಹಾಗಾಗಿದ್ದವು. ಅವಳು ಎದ್ದು ತಡಿಕೆ ಎಳೆದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಉಂಡ. ಅವಳಿಗೆ ಅಳು ಬಂತು. ಅಳುವ ಬದಲು ಅಯ್ಯಂಗಾರರ ವಂಶವನ್ನು ಮೂಲದಿಂದ ಹಿಡಿದು ಬೈದಳು.

ಅಷ್ಟರಲ್ಲಿ ಹೊರಗಿನಿಂದ ಅಂಕಯ್ಯ ಕೆಮ್ಮಿದ. ಶಿವಯ್ಯನ ಜೊತೆ ಗಾಡಿ ಎಳೆಯುತ್ತಿದ್ದ ತೋಟಿ ಅವನು. ಒಳಗೆ ಬಂದವನೇ ನಗಲು ಶುರುಮಾಡಿದ.

"ಕಾಲೇ ಇಡ್ನಿಲ್ಲ ಅಂದ್ರಂತಾ? ಅಯ್ ಅವ್ರ ಬಾಯಿಗ್ ಮಣ್ಣಾಕ! ಬೆಂಕಿ ಆರಿದ್ ಮಾರ್ನೇ ದಿನ ಅಯ್ಯಂಗಾರ್ರ ಮನೇಲಿ ಪುಣ್ಯಾವ ಕಣಕ್ಕ. ಅಗ್ರಾರಕ್ಕೆಲ್ಲ ಊಟ, ಓಳ್ಗೆ. ಎಂಜಲೆಲೆ ಎತ್ತಿದೋನು ನಾನೇಯ. ಒಳಕ್ಕೆ ಯಾರೂ ಓಗ್ದೇ ಇದ್ರೆ ಯಾರ್ ಮೈಲ್ಗೆ ತೊಳುದ್ರು?"

ಪಟ್ಟಲಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಅವನನ್ನೇ ನೋಡಿದಳು.

ಮಾರನೆಯ ಮಧ್ಯಾಹ್ನ ಅಗ್ರಹಾರದಲ್ಲಿ ಜನವೋ ಜನ. ಪುಕ್ಕಟೆ ನಾಟಕ ಯಾರಿಗೆ ಬೇಡ? ಅಯ್ಯಂಗಾರರು ಜಗಲಿಯ ಮೇಲೆ, ಪಕ್ಕದಲ್ಲಿ ಪುರೋಹಿತರು, ಪ್ರೆಸಿಡೆಂಟರಿಗೆ ಒಂದು ಮಣೆ. ಬೀದಿಯ ಬಿಸಿಲಲ್ಲಿ ಶಿವಯ್ಯ, ಪಟ್ಟಲಮ್ಮ, ಅಂಕಯ್ಯ. ಊಟದ ಹೊತ್ತಾದ್ದರಿಂದ ಪಟ್ಟಲಮ್ಮನ ಕಂಕುಳಲ್ಲಿ ಬುತ್ತಿಯ ಗಂಟಿತ್ತು.

"ಇವನು ಒಳಗೆ ಬಂದನೇ?" ಎಂದು ಕೇಳಿದರು ಪ್ರೆಸಿಡೆಂಟರು.

"ನಾರಾಯಣ, ನಾರಾಯಣ!" ಅಯ್ಯಂಗಾರರು ಕಿವಿ ಮುಚ್ಚಿಕೊಂಡರು. "ಇದು ಆಚಾರವಂತರ ಮನೆ. ಬರೋದುಂಟೆ?"

"ಬರ್ದೇ ಇದ್ರೆ ಪುಣ್ಯಾವ ಯಾಕ್ ಮಾಡುಸುದ್ರಿ ಬುದ್ದಿ?" ಎಂದಳು ಪಟ್ಟಲಮ್ಮ.

ಅಯ್ಯಂಗಾರರು ಪುರೋಹಿತರನ್ನು ನೋಡಿದರು. ಪುರೋಹಿತರು ಗಂಟಲು ಸರಿಮಾಡಿಕೊಂಡು, "ಅದು ಅಗ್ನಿಬಾಧೆಗೆ ಶಾಂತಿ. ಶಾಸ್ತ್ರದಲ್ಲಿದೆ," ಎಂದರು. ಶಾಸ್ತ್ರದಲ್ಲಿ ಇಲ್ಲದ್ದು ಯಾವುದಿದೆ? ಕೇಳುವವನು ಅಯ್ಯಂಗಾರರಾದರೆ ಎಲ್ಲವೂ ಸಿಗುತ್ತದೆ.

"ಅಂಗಾರೆ ಅಮ್ಮಾರನ್ನೇ ಕೇಳಿ. ವಯಸ್ಸಾದೋರು, ಸುಳ್ಳೇಳಕಿಲ್ಲ."

ಪ್ರೆಸಿಡೆಂಟರಿಗೂ ಇದು ಒಪ್ಪಿಗೆಯಾಯಿತು. ಮುದುಕಿಗೆ ಏನು ಹೇಳಬೇಕೆಂದು ಮಗ ಬೆಳಗ್ಗೆಯೇ ಪಾಠ ಮಾಡಿಸಿದ್ದಾನೆಂಬುದು ಅವರಿಗೆ ಗೊತ್ತಿತ್ತು. ಬಾಗಿಲ ಕಡೆ ಕತ್ತು ಚಾಚಿ ಕೂಗಿದರು: "ಆಂಡಾಳಮ್ಮನವರೇ! ಈ ತೋಟಿ ನಿಮ್ಮನ್ನ ಮುಟ್ಟಿದನೇ?"

"ಇಲ್ಲಪ್ಪಾ, ಇಲ್ಲ!" ಒಳಗಿನಿಂದ ಕೀಚಲು ದನಿ ಬಂತು. "ಮುಟ್ಟಲೇ ಇಲ್ಲ ಅಂತ ಬರಕೋ! ಮುಟ್ಟಿದ ಅಂದರೆ ಈ ಚಲುವ ಮತ್ತೆ ಗಂಜಲ ಕುಡಿಸ್ತಾನೆ. ಹೋದ ಸಲದ್ದೇ ಇನ್ನೂ ಗಂಟಲಲ್ಲಿ ನಿಂತಿದೆ. ಎತ್ತಿಕೊಂಡು ಬಂದವನು ಅವನು, ಗಂಜಲ ಕುಡಿದವಳು ನಾನು! ಇದ್ಯಾವ ನ್ಯಾಯವೋ?"

ಬೀದಿ ಗೊಳ್ಳೆಂದಿತು. ಅಂಕಯ್ಯ ಬಾಯಿಗೆ ಟವಲ್ಲು ತುರುಕಿಕೊಂಡ. ಅಯ್ಯಂಗಾರರ ಮುಖ ಇಂಗು ತಿಂದ ಮಂಗನದಾಯಿತು.

ಆದರೆ ವೆಂಕಟೇಶಮೂರ್ತಿಗಳು ಸುಮ್ಮನೆ ಪ್ರೆಸಿಡೆಂಟರಾದವರಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದ್ದು ತೆರೆದರು.

"ಸರಿ, ಒಳಗೆ ಹೋದದ್ದು ನಿಜ ಅಂತಾಯಿತು. ಯಾರ ಅಪ್ಪಣೆ ಮೇಲೆ ಹೋದೆಯೋ ಶಿವಯ್ಯ?"

"ಯಾರಾದ್ರೂ ಓಗ್ರೋ ಅಂದ್ರು ಬುದ್ದಿ," ಎಂದ ಶಿವಯ್ಯ. ದೊಡ್ಡವರ ಎದುರಿಗೆ ಅವನು ಆಡಿದ ಮೊದಲ ಮಾತು ಅದು.

"ಯಾರಾದರೂ ಅಂದರೆ, ಹೋಗಬಹುದಾದವರು ಯಾರಾದರೂ ಅಂತ!" ಅಯ್ಯಂಗಾರರು ಗುಡುಗಿದರು.

"ಅಷ್ಟೇ," ಎಂದರು ಪ್ರೆಸಿಡೆಂಟರು. "ಅಪ್ಪಣೆ ಇಲ್ಲದೆ ಹೊಕ್ಕೆ. ಮನೆ ಕೆಡಿಸಿದೆ. ನ್ಯಾಯವಾಗಿ ನೋಡಿದರೆ ಪುಣ್ಯಾಹದ ಖರ್ಚು ನೀನು ಕೊಡಬೇಕು. ಅಯ್ಯಂಗಾರ್ರು ದೊಡ್ಡ ಮನಸ್ಸು ಮಾಡಿ ಅದನ್ನ ಬಿಡ್ತಾರೆ. ನೀನು ಪರಿಹಾರ ಬಿಡು. ಅಲ್ಲಿಗಲ್ಲಿಗೆ ಸರಿಹೋಯಿತು. ಎದ್ದೇಳಿ, ಊಟದ ಹೊತ್ತಾಯಿತು."

ಶಿವಯ್ಯ ತಲೆ ಬಗ್ಗಿಸಿದ. ಕೈ ಮುಗಿಯಲು ಹೋದ, ಆಗಲಿಲ್ಲ. ಬಾಳೆಲೆ ಸುತ್ತಿದ ಮುದ್ದೆಗಳೆರಡು ಒಂದಕ್ಕೊಂದು ತಾಗಿ ನಿಂತವು.

ಅದನ್ನು ನೋಡಿದ ಪಟ್ಟಲಮ್ಮ ಕಂಕುಳ ಬುತ್ತಿಯ ಗಂಟನ್ನು ಬಿಗಿಮಾಡಿಕೊಂಡಳು.

"ದಿಟ ಬುದ್ದಿ. ಊಟದ್ ಒತ್ತಾಯ್ತು," ಎಂದಳು. ಗಂಡನ ರಟ್ಟೆ ಹಿಡಿದಳು. "ನಡಿ ಮಾವ."

ಗಂಡಹೆಂಡಿರು ಕೇರಿಗೆ ಹೊರಟರು ಎಂದು ಎಲ್ಲರೂ ಅಂದುಕೊಂಡರು. ಅವಳು ಗಂಡನನ್ನು ಎಳೆದುಕೊಂಡು ಜಗಲಿ ಹತ್ತಿದಳು. ಪುರೋಹಿತರು ಪಂಚೆ ಎತ್ತಿಕೊಂಡು ಗೋಡೆಗೆ ಅಂಟಿದರು. ಅಯ್ಯಂಗಾರರು ಮೈಲಿಗೆ ತಪ್ಪಿಸಿಕೊಳ್ಳಲು ಬೀದಿಗೆ ಹಾರಿದರು. ಮನೆಯ ಯಜಮಾನ ಬೀದಿಯಲ್ಲಿ, ಬೀದಿಯ ತೋಟಿ ಹೊಸಿಲ ಮೇಲೆ! ಪಟ್ಟಲಮ್ಮ ಹೊಸಿಲು ದಾಟಿ ನಡುಮನೆಯಲ್ಲಿ, ಉಯ್ಯಾಲೆ ಮಣೆಯ ಪಕ್ಕದಲ್ಲಿ ಗಂಡನನ್ನು ಕೂರಿಸಿ, ಬುತ್ತಿ ಬಿಚ್ಚಿದಳು. ರಾಗಿಮುದ್ದೆ, ಉಪ್ಪೆಸರು. ಬೆಳ್ಳುಳ್ಳಿ ಖಾರದ ವಾಸನೆ ದೇವರಮನೆಯ ತನಕ ಹೋಯಿತು.

"ಅಯ್ಯೋ ಅನಾಚಾರವೇ! ಏಳೇ! ಏಳೇ ಸೂಳೇಮುಂಡೆ!" ಅಯ್ಯಂಗಾರರು ಬೀದಿಯಲ್ಲಿ ಕುಣಿದರು. ಆಚಾರವಂತರ ಬಾಯಲ್ಲಿ ಅಂಥ ಮಾತು ಎಷ್ಟು ಸಲೀಸಾಗಿ ಬಂತು ಎಂದು ನೆರೆಹೊರೆಯವರಿಗೇ ಆಶ್ಚರ್ಯವಾಯಿತು.

"ಬ್ಯಾಡ ಕಣಮ್ಮಿ," ಶಿವಯ್ಯ ಏಳಲು ನೋಡಿದ. "ಒಡೀತಾರೆ."

"ಒಡಿಯಾಕೂ ಮುಟ್ಬೇಕಲ್ಲ ಮಾವ!"

ಅಯ್ಯಂಗಾರರ ಬೆಳ್ಳಿ ಕಟ್ಟಿನ ಕೋಲು ಜಗಲಿಯ ಮೂಲೆಯಲ್ಲೇ ಇತ್ತು. ಪುರೋಹಿತರು ಅದನ್ನು ನೋಡಿದರು, ಅಯ್ಯಂಗಾರರನ್ನು ನೋಡಿದರು. ಅಪ್ಪನ ಕಾಲದ ಕೋಲು. ಅದನ್ನೂ ಕೆಡಿಸುವುದೇ? ಯಾರೂ ಎತ್ತಿಕೊಳ್ಳಲಿಲ್ಲ.

"ಲೋ ಅಂಕಾ! ಒಳಗೆ ಹೋಗಿ ಇಬ್ಬರನ್ನೂ ದರದರ ಎಳಕೊಂಡು ಬಾರೋ!" ಪ್ರೆಸಿಡೆಂಟರು ಕಿರುಚಿದರು.

ಅಂಕಯ್ಯ ಕೈ ಕಟ್ಟಿಕೊಂಡು ಬಲು ವಿನಯದಿಂದ, "ಅಪ್ಪಣೆ ಇಲ್ದೆ ಓಗಕಿಲ್ಲ ಬುದ್ದಿ," ಎಂದ.

"ನಾನು ಅಪ್ಪಣೆ ಕೊಟ್ಟೆ ಕಣೋ, ಬೋಳೀಮಗನೇ!"

"ಮನೆ ನಿಮ್ದಲ್ವಲ್ಲ. ಅಯ್ಯಂಗಾರ್ರು ಬಾಯ್ಬುಟ್ಟು ಕರೀಲಿ. 'ಅಂಕಯ್ಯ, ನಮ್ ಮನೆ ಒಳಕ್ ಬಾ' ಅನ್ಲಿ, ಊರೆಲ್ಲ ಕೇಳಂಗೆ. ಇಲ್ದಿದ್ರೆ ನಾಳೆ ಪುಣ್ಯಾವದ್ ಕರ್ಚು ನನ್ ತಲೆಗ್ ಕಟ್ತೀರಿ."

ಅಯ್ಯಂಗಾರರ ಬಾಯಿ ತೆರೆಯಿತು, ಮುಚ್ಚಿತು.

"ಪೊಲೀಸ್ನೋರನ್ನ ಕರೀರಿ! ಯಾರಾದರೂ ಹೋಗ್ರೋ!" ಎಂದರು ಪ್ರೆಸಿಡೆಂಟರು. ಯಾರೋ ಇಬ್ಬರು ಠಾಣೆಯ ಕಡೆ ಓಡಿದರು.

ಒಳಕೋಣೆಯ ಬಾಗಿಲ ಸಂದಿಯಿಂದ ಆಂಡಾಳಮ್ಮನ ಬೋಳುತಲೆ ಇಣುಕಿತು. ಮುದುಕಿ ಆ ಕೈಗಳನ್ನು ನೋಡಿತು. "ನನ್ನನ್ನ ಮಾತ್ರ ಮುಟ್ಟಬೇಡಿ, ನಿಮ್ಮ ದಮ್ಮಯ್ಯ," ಎಂದು ಬಾಗಿಲು ಹಾಕಿಕೊಂಡಿತು.

"ಕೇಳಿ ಬುದ್ದಿ!" ಪಟ್ಟಲಮ್ಮ ಮುದ್ದೆ ಮುರಿಯುತ್ತಲೇ ಬೀದಿಗೆ ಕೇಳುವ ಹಾಗೆ ಹೇಳಿದಳು. "ಪರಿಹಾರ ಕೊಡಗಂಟ ನನ್ ಗಂಡನ್ ಊಟ ಇಲ್ಲೇಯ. ಜೈಲ್ಗಾಕಿ, ಬುಟ್ ಮೇಲೆ ಇಲ್ಗೇ ಬತ್ತೀನಿ. ನೀವೂ ದಿನಾ ಪುಣ್ಯಾವ ಮಾಡುಸ್ಕಳಿ. ಓಳ್ಗೆ ಉಂಡು ಉಂಡು ಸಾಯ್ರಿ!"

ತುತ್ತು ಎತ್ತಿ ಹಿಡಿದಳು. ಬಾಗಿಲ ತುಂಬ ಮುಖಗಳಿದ್ದವು. ಅಗ್ರಹಾರದ ಗಂಡಸರು, ಹೆಂಗಸರು, ಅವರ ಹಿಂದೆ ಸುದ್ದಿ ಕೇಳಿ ಓಡಿಬಂದಿದ್ದ ಕೇರಿಯ ಜನ. ಶಿವಯ್ಯ ಆ ಮುಖಗಳನ್ನೆಲ್ಲ ಒಂದು ಸಲ ನೋಡಿದ. ಬಾಗಿಲು ಮುಚ್ಚು ಎನ್ನಲಿಲ್ಲ. ಗೋಡೆಯ ಕಡೆ ತಿರುಗಲಿಲ್ಲ.

ಬಾಯಿ ತೆರೆದ.