ಬೆನ್ನ ಹಿಂದೆ ನಡೆದ ಚುನಾವಣೆ

ಪಕ್ಷದ ಕಚೇರಿಯ ಮೇಜಿನ ಮೇಲೆ ಒಂದು ಹಿತ್ತಾಳೆಯ ಗಂಟೆ ಇತ್ತು. ಅದರ ನಾಲಗೆ ಎಂದೋ ಕಳಚಿ ಬಿದ್ದುಹೋಗಿತ್ತು. ಬಾರಿಸಬೇಕಾದಾಗ ಬೀಗದಕೈಯಿಂದ ಅದರ ಮೈಮೇಲೆ ಕುಟ್ಟುತ್ತಿದ್ದರು. ನಿಮ್ಮ ಪಕ್ಷಕ್ಕೆ ತಕ್ಕ ಗಂಟೆ ಎಂದು ನಾನು ಇಂದ್ರಾಣಿಯನ್ನು ರೇಗಿಸುತ್ತಿದ್ದೆ. "ಸದ್ದು ಬಂದ್ರೆ ಸಾಲದಾ ನಿಮಗೆ?" ಎಂದು ಅವಳು ನಗುತ್ತಿದ್ದಳು.

ಇಂದ್ರಾಣಿ ನನ್ನ ಹೆಂಡತಿ. ಮದುವೆಗೆ ಮುಂಚಿನಿಂದಲೂ ಆ ಪಕ್ಷದ ಕೆಲಸದಲ್ಲಿದ್ದವಳು. ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ, ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಕಾರ್ಯಕರ್ತರು ನನ್ನನ್ನು 'ಮೇಡಂ ಯಜಮಾನರು' ಎನ್ನುತ್ತಿದ್ದರು. ನನಗೆ ಬೇರೆ ಹೆಸರಿದೆ ಎಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತೇ ಇರಲಿಲ್ಲ.

ರಾಜ್ಯದ ಮೇಲ್ಮನೆಗೆ ನಮ್ಮ ಸೀಮೆಯ ಪದವೀಧರರು ಆರಿಸಿ ಕಳಿಸುವ ಸ್ಥಾನ ಒಂದೇ. ಅದರಲ್ಲಿ ಪರಮೇಶ್ವರಯ್ಯನವರು ತಮ್ಮ ತಲೆ ನರೆಯುವವರೆಗೂ ಕೂತಿದ್ದರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. ಆ ವರ್ಷ ಅವರು ಇನ್ನು ನಿಲ್ಲುವುದಿಲ್ಲ ಎಂದುಬಿಟ್ಟರು. ನಮ್ಮ ಕಡೆ ಎದುರು ಪಕ್ಷದವರು ಠೇವಣಿ ಉಳಿಸಿಕೊಂಡರೆ ಸಿಹಿ ಹಂಚುತ್ತಿದ್ದರು. ಹಾಗಾಗಿ ಇಂದ್ರಾಣಿಯ ಪಕ್ಷದ ಅಭ್ಯರ್ಥಿ ಯಾರು ಎಂದು ತೀರ್ಮಾನಿಸುವ ಒಳಚುನಾವಣೆಯೇ ನಿಜವಾದ ಚುನಾವಣೆ. ಅದಕ್ಕೆ ಇಬ್ಬರು ನಿಂತರು. ಒಬ್ಬಳು ಇಂದ್ರಾಣಿ. ಇನ್ನೊಬ್ಬ ಚಿದಾನಂದ, ಅಕ್ಕಿ ಗಿರಣಿಗಳ ಒಡೆಯ, ಪಕ್ಷಕ್ಕೆ ಬಂದು ಎರಡು ಮಳೆಗಾಲ ಕಳೆದಿರಲಿಲ್ಲ.

ದೊಡ್ಡವರು ನಮ್ಮ ಮನೆಗೆ ಬಂದು, ಅವಳು ಮಾಡಿದ ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡು ತಿಂದು, "ನನ್ನ ಜಾಗ ನಿಂದೇ ಕಣಮ್ಮ. ನಾನು ಎದ್ದು ನಿನ್ನ ಹಿಂದೆ ಬಂದು ನಿಂತರೆ ಮಿಕ್ಕವರೂ ಬರ್ತಾರೆ," ಎಂದಿದ್ದರು. ಬಾಗಿಲವರೆಗೆ ಬಿಟ್ಟುಬಂದ ಇಂದ್ರಾಣಿಯ ಕಣ್ಣು ತುಂಬಿತ್ತು. ಅಷ್ಟು ಸಂತೋಷವನ್ನು ನಾನು ಅವಳ ಮುಖದಲ್ಲಿ ಮದುವೆಯ ದಿನವೂ ಕಂಡಿರಲಿಲ್ಲ.

ಹಿಂದೆ ಬಂದು ನಿಲ್ಲುವುದು ಎಂದರೆ ಬರೀ ಮಾತಲ್ಲ. ಅವರಲ್ಲಿ ಮತ ಹಾಕುತ್ತಿದ್ದದ್ದೇ ಹಾಗೆ. ಅಭ್ಯರ್ಥಿಗಳು ಸಭಾಂಗಣದ ಮುಂಗೋಡೆಗೆ ಮುಖಮಾಡಿ ನಿಲ್ಲಬೇಕು. ಪ್ರತಿನಿಧಿಗಳು ತಮಗೆ ಬೇಕಾದವರ ಹಿಂದೆ ಸಾಲುಗಟ್ಟಬೇಕು. ಎರಡನೆಯ ಗಂಟೆ ಬಾರಿಸುವವರೆಗೆ ಯಾರು ಬೇಕಾದರೂ ಸಾಲು ಬದಲಿಸಬಹುದು, ಆದರೆ ಅಭ್ಯರ್ಥಿ ತಿರುಗಿ ನೋಡುವಂತಿಲ್ಲ. ಮೊದಲೆಲ್ಲ ಅಭ್ಯರ್ಥಿಗಳು ಜನರಿಗೆ ಮುಖಕೊಟ್ಟೇ ನಿಲ್ಲುತ್ತಿದ್ದರು. ಒಮ್ಮೆ ಯಾವನೋ ನಾಯಕ ಕಣ್ಣಲ್ಲೇ ಗದರಿದ್ದಕ್ಕೆ ಒಬ್ಬ ಬೀಡಿ ಕಟ್ಟುವ ಹೆಂಗಸು ನಡುಗುತ್ತಾ ಸಾಲು ಬದಲಿಸಿದ್ದಳು. ಅದನ್ನು ಕಂಡು ತಡೆಯಲಾರದೆ, ಸಭೆಯಿಂದ ಸಭೆಗೆ ಜಗಳವಾಡಿ, ಗೋಡೆಗೆ ಮುಖಮಾಡುವ ನಿಯಮವನ್ನು ತಂದವಳು ಇಂದ್ರಾಣಿಯೇ.

ಒಳಚುನಾವಣೆಯ ದಿನ ನಾನು ಹೊರಗಿನವರಿಗೆ ಹಾಕಿದ್ದ ಬೆಂಚಿನ ಮೇಲೆ ಕೂತಿದ್ದೆ. ಅಧ್ಯಕ್ಷ ಗುರುಪಾದಪ್ಪ ಬೀಗದಕೈ ಎತ್ತಿ ಗಂಟೆಗೆ ಒಂದು ಕುಟ್ಟಿದ. ಕಲ್ಲುಹಾಸಿನ ಮೇಲೆ ಚಪ್ಪಲಿಗಳು ಪಟಪಟ ಸದ್ದು ಮಾಡುತ್ತಾ ಇಂದ್ರಾಣಿಯ ಹಿಂದೆ ಬಂದವು. ಅವಳ ಸಾಲು ಬಾಗಿಲು ಮುಟ್ಟಿ ಬಳಸಿಕೊಂಡು ನಿಂತಿತು. ಚಿದಾನಂದನ ಹಿಂದೆ ಅವನ ಗಿರಣಿಯ ನೆಂಟರಿಷ್ಟರು ಬಿಟ್ಟರೆ ಹೇಳಿಕೊಳ್ಳುವಂಥವರು ಯಾರೂ ಇರಲಿಲ್ಲ. ಆ ಸದ್ದು ಕೇಳಿಯೇ ಅವಳಿಗೆ ಗೊತ್ತಾಗಿರಬೇಕು. ಅವಳ ಭುಜಗಳು ಸಡಿಲಾದದ್ದು ನನಗೆ ಕಂಡಿತು.

ಕಡೆಗೆ ದೊಡ್ಡವರು ಎದ್ದರು. ಎದ್ದವರು ಮೊದಲು ಚಪ್ಪಲಿ ಬಿಟ್ಟರು. ದೇವರ ಮುಂದೆ ಬಿಟ್ಟ ಹಾಗೆ ಬಿಡುತ್ತಿದ್ದಾರೆ ಎಂದುಕೊಂಡೆ, ನಾನೂ ದಡ್ಡನೇ. ಅವರು ಬಗ್ಗಿ ಚಪ್ಪಲಿಯನ್ನು ಕೈಗೆತ್ತಿಕೊಂಡರು, ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡರು, ಪಕ್ಕದವನ ಹೆಗಲು ಹಿಡಿದು ಮೆಲ್ಲಗೆ ನಡೆದುಹೋಗಿ ಚಿದಾನಂದನ ಹಿಂದೆ ನಿಂತರು. ಅಲ್ಲಿಂದ ನಮ್ಮ ಸಾಲಿನ ಕಡೆ ಒಮ್ಮೆ ನೋಡಿದರು, ಅಷ್ಟೆ. ಒಬ್ಬೊಬ್ಬರೇ ಬಗ್ಗತೊಡಗಿದರು. ಚಪ್ಪಲಿಯನ್ನು ಎದೆಗವಚಿಕೊಂಡು, ತುದಿಗಾಲಲ್ಲಿ, ಉಸಿರು ಬಿಗಿಹಿಡಿದು ದಾಟಿದರು. ನಮ್ಮ ಮನೆಯಲ್ಲಿ ಬಾಣಂತನ ಮಾಡಿಸಿಕೊಂಡವಳು ದಾಟಿದಳು. ಇಂದ್ರಾಣಿ ಜಾಮೀನು ಕೊಟ್ಟು ಬಿಡಿಸಿದವನು ದಾಟಿದ.

ನನಗೆ ಮೈ ಉರಿದುಹೋಯಿತು. "ಇಂದ್ರಾ, ತಿರುಗು," ಎಂದೆ.

"ಹೊರಗಿನವರು ಮಾತಾಡಬಾರದು," ಎಂದ ಗುರುಪಾದಪ್ಪ.

"ತಿರುಗಿ ನೋಡು ಮಾರಾಯ್ತಿ, ಒಂದೇ ಸಲ."

ಅವಳು ತಿರುಗಿದ್ದರೆ ಅರ್ಧಕ್ಕರ್ಧ ಜನ ನಾಚಿಕೆಗಾದರೂ ವಾಪಸು ಬರುತ್ತಿದ್ದರು. ಇದನ್ನು ನಾನು ಇಂದಿಗೂ ನಂಬಿದ್ದೇನೆ. ಅವಳು ತಿರುಗಲಿಲ್ಲ. ಗೋಡೆಗೆ ಮುಖಮಾಡಿಕೊಂಡೇ, ಸುಮ್ಮನಿರಿ ಎಂಬಂತೆ ಎಡಗೈಯನ್ನು ತುಸು ಆಡಿಸಿದಳು. ಗಂಟೆಗೆ ಎರಡನೆಯ ಸಲ ಬೀಗದಕೈ ಬಿತ್ತು.

ಆಗ ತಿರುಗಿದಳು. ಅವಳ ಹಿಂದೆ ಉಳಿದವರು ಒಂದು ಜಮಖಾನದ ಮೇಲೆ ಕೂರಬಹುದಾದಷ್ಟು ಜನ. ಮಿಕ್ಕವರೆಲ್ಲ ಆಚೆ ಬದಿಯಲ್ಲಿ ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದರು. ಕೆಳಗಿಡಲೂ ಆಗದೆ, ಹಿಡಿದಿರಲೂ ಆಗದೆ ನಿಂತಿದ್ದರು. ಇಂದ್ರಾಣಿ ಅವರ ಮುಖ ನೋಡಲಿಲ್ಲ, ಕೈಗಳನ್ನೇ ನೋಡಿದಳು. "ಹಾಕ್ಕೊಳ್ಳಿ, ನೆಲ ತಣ್ಣಗಿದೆ," ಎಂದಳು. ಆಮೇಲೆ ಪದ್ಧತಿಯಂತೆ ಹೋಗಿ ಚಿದಾನಂದನಿಗೆ ಹಾರ ಹಾಕಿದಳು.

ದಾರಿಯಲ್ಲಿ ನಾನು ಬಾಯಿಗೆ ಬಂದಂತೆ ಬಯ್ದೆ. ದೊಡ್ಡವರನ್ನೂ ಬಯ್ದೆ, ಅವಳ ನಿಯಮವನ್ನೂ ಬಯ್ದೆ. ಅವಳು ಎಲ್ಲ ಕೇಳಿಸಿಕೊಂಡು, "ಯಾರಿಗೂ ಹೆದರದೆ ದಾಟಲಿ ಅಂತ ತಾನೇ ಮಾಡಿದ್ದು? ದಾಟಿದ್ರು," ಎಂದಳು.

"ಹೆದರದೆ ದಾಟೋರು ಚಪ್ಪಲಿ ಯಾಕೆ ಬಿಚ್ಚಿದ್ರು ಹಾಗಾದ್ರೆ?"



ಚಿದಾನಂದನಿಗಾಗಿ ಅವಳು ಮನೆಮನೆ ತಿರುಗಿ ಮತ ಕೇಳಿದಳು. ಅವನು ಗೆದ್ದು ಮೇಲ್ಮನೆಗೆ ಹೋದ. ದೊಡ್ಡವರ ಅಳಿಯ ಅವನ ಕಾರ್ಯದರ್ಶಿಯಾದ ಮೇಲೆ ನನಗೂ ಲೆಕ್ಕ ಸರಿಹೋಯಿತು. ಚಪ್ಪಲಿ ಹಿಡಿದು ದಾಟಿದವರು ಎಂದಿನಂತೆ ನಮ್ಮ ಮನೆಗೆ ಬಂದರು, ಅರ್ಜಿ ಬರೆಸಿಕೊಂಡರು, ಕಾಫಿ ಕುಡಿದರು. ಅವಳು ಒಬ್ಬರಿಗೂ ಒಂದು ಮಾತು ಅನ್ನಲಿಲ್ಲ.

ಆದರೆ ಆಮೇಲೆ ಅವಳು ಯಾವ ಬಾಗಿಲಿಗೂ ಬೆನ್ನು ಕೊಟ್ಟು ಕೂರಲಿಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಮಣೆಯನ್ನೂ ತಿರುಗಿಸಿ ಹಾಕಿಕೊಂಡಳು. ಒಲೆಯನ್ನು ಮಾತ್ರ ತಿರುಗಿಸಲು ಬರುತ್ತಿರಲಿಲ್ಲ. ಅವಳು ಒಲೆಯ ಮುಂದೆ ನಿಂತಿದ್ದಾಗ ನಾನು ಬರಿಗಾಲಲ್ಲಿ ಒಳಗೆ ಬಂದರೆ ಬೆಚ್ಚಿಬೀಳುತ್ತಿದ್ದಳು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಅವಳ ಹಿಂದಿನಿಂದ ಬರುವವನು ನಾನೊಬ್ಬನೇ. ಕಡೆಕಡೆಗೆ ನಾನು ಹೊಸ್ತಿಲಲ್ಲಿ ನಿಂತು, ಒಮ್ಮೆ ಕೆಮ್ಮಿ, ಅವಳು ತಿರುಗಿ ನೋಡಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದೆ.