ಕೊಕ್ಕರೆಯ ಮಸಿಯಚ್ಚು

“ಕಳ್ಳನ ಹೆಣಕ್ಕೂ ಇಷ್ಟೊಂದು ಊದಿನಕಡ್ಡಿಯೇನ್ರೋ!”

ಶವಪೆಟ್ಟಿಗೆಯ ಮುಚ್ಚಳ ಎತ್ತಿದ್ದ ಯಿನ್ ಚ್ವೇಯ ಕೈ ಅಲ್ಲೇ ನಿಂತಿತು. ನದಿಯ ಮಂಜು ಅಂಗಳದ ತುಂಬ ಬಂದು ಕೂತಿತ್ತು. ಅದರೊಳಗಿಂದ ಮೊದಲು ಪಾಂಗ್ ಸಾಹುಕಾರನ ಮಾತು ಬಂತು, ಆಮೇಲೆ ಹೊಟ್ಟೆ, ಕೊನೆಗೆ ಮುಖ. ಕಲ್ಲಿನ ಶಾಸನಗಳಿಂದ ಕಾಗದಕ್ಕೆ ತೆಗೆದ ಮಸಿಯಚ್ಚು ಮಾರುವ ಅಂಗಡಿ ಅವನದು. ಪೆಟ್ಟಿಗೆಯಲ್ಲಿ ಮಲಗಿದ್ದ ಚ್ವೇಯ ಅಪ್ಪ ಬದುಕಿಡೀ ಅಚ್ಚು ತೆಗೆದುಕೊಟ್ಟದ್ದು ಆ ಅಂಗಡಿಗೇ.

“ಯಜಮಾನ್ರೇ, ಹೆಣದ ಮುಂದೆ ಎಂಥ ಮಾತು ಇದು?” ಎಂದಳು ಚ್ವೇಯ ಸೋದರತ್ತೆ.

“ಇನ್ನೆಂಥ ಮಾತಾಡ್ಲವ್ವಾ? ಇಷ್ಟು ವರ್ಷ ನದೀನೇ ಅಳಿಸದ ಕೊಕ್ಕರೆ ಬಂಡೆ ಅಕ್ಷರಾನ ನಿಮ್ಮಣ್ಣ ಉಳಿ ಹಾಕಿ ಒಡೆದ. ಒಡೆಯೋಕೆ ಮುಂಚೆ ಒಂದು ಅಚ್ಚು ತಕ್ಕೊಂಡು ಬಚ್ಚಿಟ್ಟ. ಪೂರ್ತಿ ಇರೋದು ಇದೊಂದೇ ಅಂತ ಮಗ ಮಾರ್ಕೋಬೇಕಲ್ಲ!”

“ಪೂರ್ತಿ ಇರೋವು ಕಂತೆ ಕಂತೆ ನಿಮ್ಮಂಗಡೀಲೇ ಬಿದ್ದವೆ. ಅಕ್ಷರ ಒಡೆದ್ಮೇಲೆ ಅವುಕ್ಕೆ ಬೆಲೆ ಏರಿ ಹೊಟ್ಟೆ ದಪ್ಪ ಆಗಿದ್ದು ಯಾರ್ದು?” ಎಂದಳು ಅತ್ತೆ.

ಯಾರೋ ಅಳು ಮರೆತು ಕಿಸಕ್ಕೆಂದರು.

“ಹಾಗಾದ್ರೆ ಅವನು ಬಚ್ಚಿಟ್ಟ ಅಚ್ಚು ತೋರ್ಸಿ. ಅದ್ರಲ್ಲೂ ಅಕ್ಷರ ಮುರಿದೋಗಿದ್ರೆ ಅವನು ಒಡೆದಿಲ್ಲ ಅಂತ ಒಪ್ಪಿ ಇಲ್ಲೇ ಕಾಲಿಗೆ ಬೀಳ್ತೀನಿ.”

ಎಲ್ಲರ ಕಣ್ಣೂ ಚ್ವೇಯ ಮೇಲೆ.

*

ಹಿಂದೆ ಯಾರೋ ತಾನು ಸಾಕಿದ ಬಿಳಿ ಕೊಕ್ಕರೆಯನ್ನು ಹೂತು, ಆ ದುಃಖವನ್ನು ದಂಡೆಯ ಬಂಡೆಯಲ್ಲಿ ಕೊರೆಸಿದ್ದ. ಬಂಡೆ ಸೀಳಿ ಯಾಂಗ್ತ್ಸೆ ನದಿಗೆ ಮಗುಚಿ ಬಿತ್ತು. ಚಳಿಗಾಲದಲ್ಲಿ ನೀರು ಇಳಿದಾಗ ಮಾತ್ರ ಅದರಡಿ ತೂರಬಹುದು. ಅಪ್ಪ ಕೆಸರಲ್ಲಿ ಅಂಗಾತ ಮಲಗಿ, ಒದ್ದೆ ಕಾಗದವನ್ನು ಮೇಲಿನ ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ ತಟ್ಟಿ ಒಂದೊಂದು ಗೆರೆಗೂ ಇಳಿಸುತ್ತಿದ್ದ. ಆಮೇಲೆ ಮಸಿ ಅದ್ದಿದ ಬಟ್ಟೆಗಂಟು. ಕಪ್ಪಿನಲ್ಲಿ ಬೆಳ್ಳಗೆ ಅಕ್ಷರ ಏಳುವಾಗ ತನ್ನ ಮೇಲೆ ಕೊಕ್ಕರೆಗಳು ಹಾರಿದ ಹಾಗಾಗುತ್ತದೆ ಎನ್ನುತ್ತಿದ್ದ.

ಈ ಚಳಿಗಾಲ ತೂರಿದವನು ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಕೈಯಲ್ಲಿ ಒಂದೇ ಅಚ್ಚು. ಚೀನೀ ಲಿಪಿಯಲ್ಲಿ ‘ಕೊಕ್ಕರೆ’ ಎಂಬ ಮಾತಿಗೆ ಒಂದೇ ಅಕ್ಷರ; ಅದರ ಒಂದು ಮಗ್ಗುಲೇ ಇರಲಿಲ್ಲ.

“ಯಾರೋ ರೆಕ್ಕೆ ಮುರಿದವ್ರೆ ಕಣೋ,” ಎಂದ, ಹಲ್ಲು ಕಟಕಟಿಸುತ್ತ. “ಇದನ್ನ ಮಾರ್ಬೇಡ. ನನ್ನ ಮುಖಕ್ಕೆ ಹೊದಿಸು. ಒದ್ದೆ ಮಾಡಿ ಹೊದಿಸೋ, ಒಣಗಿದ್ದು ನಿಲ್ಲಲ್ಲ.”

ಅವತ್ತು ಹತ್ತಿದ ಜ್ವರ ಇಳಿಯಲಿಲ್ಲ.

*

ಚ್ವೇ ಮುಚ್ಚಳ ಕೆಳಗಿಟ್ಟು ಬಾಗಿ, ಅಪ್ಪನ ಮುಖದ ಮೇಲಿನ ಬಿಳಿ ಬಟ್ಟೆ ಸರಿಸಿದ. ಅಚ್ಚು ಅಲ್ಲೇ ಇತ್ತು. ಎತ್ತಿ ಸಾಹುಕಾರನ ಮೂತಿಗೆ ಹಿಡಿದರೆ ಮುಗಿಯಿತು. ಕಾಗದದ ಅಂಚು ಹಿಡಿದ.

ಬರಲಿಲ್ಲ. ಬೆಳಿಗ್ಗೆ ತಾನೇ ತಟ್ಟಿ ಹೊದಿಸಿದ ಒದ್ದೆ ಕಾಗದ ಆರುತ್ತ ಆರುತ್ತ ಅಪ್ಪನಿಗೆ ಅಂಟಿಕೊಂಡಿತ್ತು. ಹಣೆಯ ಗೆರೆ, ಕುಳಿಬಿದ್ದ ಕೆನ್ನೆ, ಮೂಗಿನ ಮೇಲಿನ ಹಳೇ ಗಾಯ, ಒಂದನ್ನೂ ಬಿಡದೆ ಎತ್ತಿಕೊಂಡಿತ್ತು. ಮುರಿದ ರೆಕ್ಕೆ ಎಡಗಣ್ಣಿನ ಮೇಲೆ ಮಡಚಿ ಕೂತಿತ್ತು. ಎಳೆದರೆ ಹರಿಯುತ್ತದೆ. ಇಣುಕಿ ನೋಡಲು ಕರೆದರೆ ಅಪ್ಪನ ಮುಖವನ್ನೇ ಅಂಗಡಿಗಿಟ್ಟ ಹಾಗೆ.

“ಏನೋ, ಬಾಯಿ ಬಿದ್ದೋಯ್ತಾ? ನೀನೂ ನಿಮ್ಮಪ್ಪನ ಥರಾನೇ ಕಳ್ಳ!”

“ಎಲ್ಲಿಟ್ಟಿದೀಯೋ ಮಗಾ,” ಅತ್ತೆ ಬಿಕ್ಕಿದಳು. “ಒಂದ್ಸಲ ತೋರ್ಸಿಬಿಡೋ.”

ಚ್ವೇ ಎದ್ದಿದ್ದ ಅಂಚನ್ನು ಹೆಬ್ಬೆರಳಿನಿಂದ ಮತ್ತೆ ಒತ್ತಿ ಕೂರಿಸಿದ. ಬಟ್ಟೆ ಮುಚ್ಚಿದ. ಮುಚ್ಚಳ ಹಾಕಿ ಮೊಳೆ ಹೊಡೆದ. ಶವದ ಮುಂದೆ ಹಿಡಿಯುವ ಅಪ್ಪನ ಹೆಸರಿನ ಹಲಗೆ ಎತ್ತಿಕೊಂಡು, ಸಾಹುಕಾರನ ಪಕ್ಕದಲ್ಲೇ ಹಾದು, ಪೆಟ್ಟಿಗೆ ಹೊತ್ತವರ ಮುಂದೆ ಮಂಜಿನೊಳಕ್ಕೆ ನಡೆದ. ಅವನ ಹೆಬ್ಬೆರಳು ಮಸಿ ಹತ್ತಿ ಕಪ್ಪಾಗಿತ್ತು. ಹಿಡಿದಲ್ಲೆಲ್ಲ ಹಲಗೆಯ ಮೇಲೆ ಅಚ್ಚು ಬೀಳುತ್ತಿತ್ತು.