ಅಚ್ಚಿನಲ್ಲಿ ಬಂದ ಅಕ್ಕ

ತೌನೊ ಕೋಟು ಕೂಡ ಬಿಚ್ಚದೆ ನೇರ ಬಂದು, ಕಾಗದಗಳ ಕಟ್ಟನ್ನು ಡಾರ್ಲೀನಳ ಕಾಫಿ ಕಪ್ಪಿನ ಪಕ್ಕ ಬಡಿದಿಟ್ಟ. ನಮ್ಮ ಫಿನ್ನಿಷ್ ಚರ್ಚಿನ ನೆಲಮಾಳಿಗೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಲಿನ ಪ್ರಾರ್ಥನಾ ಕೋಣೆಯಲ್ಲಿ ಅವನ ಅಕ್ಕ ಲೆಂಪಿಯ ಶವಪೆಟ್ಟಿಗೆ ಇತ್ತು. ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು.

"ಇವನ್ನ ಬರೆದೋರು ಯಾರು? ನಿಜ ಬೊಗಳು."

"ಅತ್ತೆ. ಇನ್ಯಾರು ಮಾವ?" ಎಂದಳು ಲೆಂಪಿಯ ಸೊಸೆ ಡಾರ್ಲೀನ್.

"ನನ್ನ ಕಿವಿಗೆ ಹೂ ಇಡಬೇಡ. 'ಪ್ರೀತಿಯ ತಮ್ಮ' ಅಂತೆ! ಹುಟ್ಟಿದಾಗಿಂದ ಒಂದು ದಿನ ಹಾಗೆ ಕರೆದೋಳಲ್ಲ ಅವಳು. ಕೆರೆ ಪಕ್ಕದ ಮನೇಲಿ ನನ್ನ ಪಾಲು ಹೊಡೆಯೋಕೆ ನೀನು ಹೂಡಿದ ಆಟ ಇದು."

ಅಯ್ಯೋ, ಸಾವಿನ ಮನೆಯಲ್ಲಿ ಆಡುವ ಮಾತೇ ಅದು! ಆದರೆ ತೌನೊ ಇದನ್ನು ಕೇಳಲೆಂದೇ ತನ್ನ ಊರು ಸಡ್ಬರಿಯಿಂದ ಅಕ್ಕನ ಊರು ಥಂಡರ್ ಬೇವರೆಗೆ ಇಡೀ ದಿನ ಬಸ್ಸಿನಲ್ಲಿ ಕುಳಿತು ಬಂದಿದ್ದ. ಬರೆದದ್ದು ಅಕ್ಕನೋ ಅಲ್ಲವೋ ತಿಳಿಯದೆ ಅವಳನ್ನು ಮಣ್ಣಿಗಿಡಲು ಅವನು ತಯಾರಿರಲಿಲ್ಲ.

*

ಅಪ್ಪ ಬಿಟ್ಟುಹೋದ ಆ ಮನೆಗಾಗಿ ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಮೊದಲು ಫೋನು ಮಾಡಿದವರು ಸೋತಂತೆ ಎಂಬ ಹಟ ಇಬ್ಬರಿಗೂ. ಅಂಥದ್ದರಲ್ಲಿ ಒಂದು ಚಳಿಗಾಲ ಆ ಲಕೋಟೆ ಬಂತು. ಒಳಗೆ ಕಾಟು ಹೊಡೆಯದ, ತಪ್ಪಿಲ್ಲದ ಅಚ್ಚಿನ ಸಾಲುಗಳು. ಕೊನೆಯಲ್ಲಿ ಲೆಂಪಿಯ ಹೆಸರೂ ಅಚ್ಚಿನದೇ. ಲಕೋಟೆಯ ಮೂಲೆಯಲ್ಲಿ ಮಾತ್ರ ಅಕ್ಕನ ಊರಲ್ಲ, ದೂರದ ವಿನಿಪೆಗ್ಗಿನ ವಿಳಾಸ.

ಸೊಸೆ ಮುದುಕಿಯನ್ನು ಅಲ್ಲಿಗೆ ಸಾಗಹಾಕಿ ಮನೆ ಹೊಡೆದುಕೊಂಡಳೇ? ತೌನೊ ಆವತ್ತೇ ಆ ವಿಳಾಸಕ್ಕೆ ಬರೆದ: "ನೀನು ಲೆಂಪಿಯೇ ಆಗಿದ್ದರೆ, ಚಿಕ್ಕಂದಿನಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದೆ ಹೇಳು."

ಮುಂದಿನ ಕಾಗದದಲ್ಲಿ ಹಿಮ, ಏಲಕ್ಕಿ ಬ್ರೆಡ್ಡು, ಪಕ್ಕದ ಮನೆಯ ಬೆಕ್ಕು. ಅವನ ಪ್ರಶ್ನೆಗೆ ಉತ್ತರವಿಲ್ಲ. ಅವನು ಮತ್ತೆ ಕೇಳಿದ. ಪ್ರತಿ ಸಲವೂ ಕೇಳಿದ, ಬೈದೂ ಕೇಳಿದ. ಬಂದದ್ದು ಮತ್ತೆ ಹಿಮ, ಮತ್ತೆ ಬೆಕ್ಕು. ಕಳ್ಳರು ಸಿಕ್ಕಿಬಿದ್ದರು ಎಂದುಕೊಂಡ.

*

"ಕೇಳಿದ್ದಕ್ಕೆ ಒಂದು ಸಲಾನೂ ಯಾಕೆ ಉತ್ತರ ಕೊಡಲಿಲ್ಲ ಹಾಗಾದ್ರೆ?"

"ಏನು ಕೇಳಿದ್ರಿ? ಯಾವಾಗ?" ಡಾರ್ಲೀನಳ ದನಿ ಏರಿತು. "ನಿಮ್ಮಿಂದ ಒಂದು ಸಾಲು ಬರಲಿಲ್ಲ ಮಾವ. ಅತ್ತೆ ದಿನಾ ಟಪಾಲು ಡಬ್ಬಿ ತೆಗೆದು ನೋಡಿ ಬರೋರು."

"ಸುಳ್ಳಿ! ಎಲ್ಲದಕ್ಕೂ ಬರೆದಿದ್ದೀನಿ."

"ಎಲ್ಲಿಗೆ ಬರೆದೆಯೋ?" ಲೆಂಪಿಯ ಗೆಳತಿ ಹಿಲ್ಕ ಕಾಫಿ ಜಗ್ಗು ಕೆಳಗಿಟ್ಟು ಕೇಳಿದಳು.

ಅವನು ಲಕೋಟೆಯ ಮೂಲೆಗೆ ಬೆರಳಿಟ್ಟು ತೋರಿಸಿದ. ಡಾರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅದು ಅಚ್ಚು ಹಾಕೋ ಕಂಪನಿ ಮಾವ. ಅತ್ತೆ ಕೈ ನಡುಗ್ತಿತ್ತು, ಪೆನ್ನು ನಿಲ್ತಿರಲಿಲ್ಲ. ಅವರು ಹೇಳೋರು, ನಾನು ಬರ್ಕೊಂಡು ಆ ಕಂಪನಿಗೆ ಈಮೇಲ್ ಮಾಡ್ತಿದ್ದೆ. ಕಂಪನಿಯೋರು ಅಚ್ಚು ಹಾಕಿ ನಿಮಗೆ ಅಂಚೆಗೆ ಹಾಕೋರು. ಅಲ್ಲಿಗೆ ಬಂದದ್ದನ್ನ ಯಾರು ಓದ್ತಾರೆ? ಅತ್ತೆ ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ."

"ಮತ್ತೆ ಪ್ರೀತಿಯ ತಮ್ಮ?" ಅವನ ಅನುಮಾನ ಇನ್ನೂ ಸತ್ತಿರಲಿಲ್ಲ.

"ಅದು ನಾನೇ ಸೇರಿಸಿದ್ದು. ಅವರ ಬೈಗುಳ ಹಾಗೇ ಹಾಕಿದ್ರೆ ನೀವು ಇನ್ನೂ ಸಿಟ್ಟಾಗ್ತೀರಿ ಅಂತ..."

"ನಾನು ಪಕ್ಕದಲ್ಲೇ ಕೂತಿರ್ತಿದ್ದೆ ಕಣೋ," ಎಂದಳು ಹಿಲ್ಕ. "'ಆ ಸುಟ್ಟ ಆಲೂಗಡ್ಡೆಗೆ ಬರಿ' ಅಂತಲೇ ಶುರು ಮಾಡೋಳು."

ಚಿಕ್ಕಂದಿನಲ್ಲಿ ಅಕ್ಕ ಕರೆಯುತ್ತಿದ್ದ ಆ ಹೆಸರನ್ನು ತೌನೊ ಯಾರಿಗೂ ಹೇಳಿರಲಿಲ್ಲ. ಕುರ್ಚಿ ಹುಡುಕಿಕೊಂಡು ಕುಳಿತು, ಮಕ್ಕಳ ಹಾಗೆ ಅತ್ತುಬಿಟ್ಟ. ಡಾರ್ಲೀನ್ ಅವನ ಕೋಟಿನ ಗುಂಡಿ ಬಿಚ್ಚಿ, ಕೈಗೆ ಕಾಫಿ ಕೊಟ್ಟಳು.

*

ಪೆಟ್ಟಿಗೆಯ ಬಳಿ ಒಬ್ಬೊಬ್ಬರೇ ಹೋಗಿ, ಹೂವಿಟ್ಟು, ಎರಡು ಮಾತು ಹೇಳಿ ಸರಿಯುವುದು ನಮ್ಮ ಫಿನ್ನಿಷ್ ಜನರ ವಾಡಿಕೆ. ತೌನೊನ ಸರದಿ ಕೊನೆಗೆ ಬಂತು. ಹೂವಿಟ್ಟವನು ಸರಿಯಲಿಲ್ಲ. ಗೋಡೆ ಪಕ್ಕದ ಕುರ್ಚಿಯೊಂದನ್ನು ಎಳೆದು ತಂದು ಪೆಟ್ಟಿಗೆಗೆ ತಾಗಿಸಿ ಹಾಕಿ, ಕುಳಿತ.

"ನಿನ್ನ ಮೊದಲನೇ ಕಾಗದಕ್ಕೆ," ಎಂದು ಶುರು ಮಾಡಿದ. "ಮಂಡಿನೋವು ಹಾಗೇ ಇದೆ. ನಾಯಿ ಸತ್ತುಹೋಯ್ತು, ಹೊಸದು ತರಲಿಲ್ಲ. ನಮ್ಮಲ್ಲೂ ಹಿಮ ಜಾಸ್ತಿ. ಎರಡನೇದಕ್ಕೆ..."

ಪಾದ್ರಿ ಪುಸ್ತಕ ಮುಚ್ಚಿದರು. ಪೆಟ್ಟಿಗೆ ಹೊರಲು ಎದ್ದು ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಮತ್ತೆ ಬೆಂಚಿನ ಮೇಲೆ ಕುಳಿತರು.